ತಿಂಡಿ ಪೊಟ್ಟಣದ ಸಹಿ

ಕ್ರಿಸೆಲ್ದಾಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ಮನಿಲಾದಿಂದ ಎರಡು ತಾಸು ದೂರದ ನಮ್ಮ ಹೊಳೆದಂಡೆಯ ಬರಂಗಾಯ್, ಅಂದರೆ ಊರ ಪಂಚಾಯಿತಿಯ, ಕಚೇರಿಯಲ್ಲಿ ಅವಳು ಹತ್ತೊಂಬತ್ತು ವರ್ಷ ಕಾರ್ಯದರ್ಶಿ. ಪಕ್ಕದ ಮೇಜಿನಲ್ಲಿ ನಾನು ಖಜಾಂಚಿ. ಹುಟ್ಟಿದ್ದಕ್ಕೂ ಸತ್ತದ್ದಕ್ಕೂ ಅವಳೇ ಕಾಗದ ಮಾಡಿಕೊಡಬೇಕು. ಮುಖ್ಯಸ್ಥನಾಗಿ ಯಾರೇ ಗೆದ್ದು ಬರಲಿ, ಹೂಂ ಎನ್ನುವುದು ಅವಳ ಜಾಯಮಾನ. ಅವನಿಗೆ ಬೇಡವಾದ ದಿನ ಕೆಲಸವೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮಲ್ಲಿ ಸಭೆ ಎಂದರೆ ತಿಂಡಿ. ಬಾಗಿಲಲ್ಲಿ ಸಹಿ ಹಾಕು, ಪೊಟ್ಟಣ ತಗೋ. ಕ್ರಿಸೆಲ್ದಾಳ ಹಾಳೆಗಳಿಗೆ ತಲೆಬರಹವೇ ಇರುತ್ತಿರಲಿಲ್ಲ. ಬರೀ ಕ್ರಮಸಂಖ್ಯೆ, ಹೆಸರು, ಸಹಿ. ಲಸಿಕೆಗೂ ಅದೇ, ಕುಣಿತದ ಸ್ಪರ್ಧೆಗೂ ಅದೇ. "ತಲೆ ಆಮೇಲೆ ಅಂಟಿಸಿದ್ರಾಯ್ತು, ಮುಂಡ ಇದ್ರೆ ಸಾಕು," ಎಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಹೀಗಿರುವಾಗ ಹೊಳೆಗೆ ತಡೆಗೋಡೆ ಕಟ್ಟುವ ಯೋಜನೆ ಬಂತು. ಸಾಲ ಕೊಡುವುದು ಹಲವು ದೇಶಗಳು ಸೇರಿ ನಡೆಸುವ ಅಭಿವೃದ್ಧಿ ಬ್ಯಾಂಕ್. ಗೋಡೆಗಾಗಿ ಮನೆ ಬಿಡಬೇಕಾದವರು ಒಪ್ಪಿ ಸಹಿ ಹಾಕದಿದ್ದರೆ ಹಣ ಬಿಡುವುದಿಲ್ಲ ಎಂಬುದು ಅವರ ಕಟ್ಟುನಿಟ್ಟು. ಸಭೆ ಕರೆದೆವು. ನೂರಾ ಹನ್ನೆರಡು ಮಂದಿ ಬಾಗಿಲಲ್ಲಿ ಸಹಿ ಹಾಕಿ ಬಂದು ಕೂತರು. ಕೂಗಾಡಿದರು. ಒಬ್ಬರೂ ಒಪ್ಪಲಿಲ್ಲ. ಪನ್ಸಿತ್ ಶಾವಿಗೆಯ ಪೊಟ್ಟಣ ಹಿಡಿದು ಮನೆಗೆ ಹೋದರು.

ಮರುವಾರ ಮುಖ್ಯಸ್ಥ ರೊಡೇಲಿಯೊ ಅವಳ ಮೇಜಿಗೆ ಒರಗಿ ನಿಂತ. "ಸಹಿ ಹೇಗೂ ಇದೆಯಲ್ಲಮ್ಮ. ಮೇಲೆ 'ನಮ್ಮ ಒಪ್ಪಿಗೆ ಇದೆ' ಅಂತ ಒಂದು ಸಾಲು ಹಾಕ್ಬಿಡು."

ಅವಳು ನನ್ನ ಮುಖ ನೋಡಿದಳು. ನಾನು ಡ್ರಾಯರಿನಲ್ಲಿ ಸ್ಟೇಪ್ಲರ್ ಹುಡುಕತೊಡಗಿದೆ. ಅವಳು ಬರೆದಳು. ಬೇಲಿಯೇ ಎದ್ದು ಹೊಲ ಮೇಯ್ದಿತು. ಆ ಬೇಲಿಯಲ್ಲಿ ನಾನೂ ಒಂದು ಗೂಟ.

ಮೂರು ತಿಂಗಳಿಗೆ ಬ್ಯಾಂಕಿನಿಂದ ದೂರು ವಿಚಾರಿಸಲು ಹೆಂಗಸೊಬ್ಬಳು ಬಂದು ಊರವರನ್ನೆಲ್ಲ ಸೇರಿಸಿದಳು. ದೂರು ಕೊಟ್ಟವಳು ಬಾಸಿಲಿಸಾ ಅಜ್ಜಿ, ಹೊಳೆಯಲ್ಲಿ ಕಪ್ಪೆಚಿಪ್ಪು ಆರಿಸಿ ಮಾರಿ ಹೊಟ್ಟೆ ಹೊರೆಯುವವಳು. ಅವಳನ್ನು ಕಳಿಸಲಿದ್ದ ಬಡಾವಣೆ ಗುಡ್ಡದಾಚೆ ಇತ್ತು. ಅಲ್ಲಿ ಹೊಳೆಯೇ ಇಲ್ಲ.

"ಇದು ನಿಮ್ಮ ಸಹಿ ತಾನೆ?" ಎಂದು ಬ್ಯಾಂಕಿನವಳು ಹಾಳೆ ತೋರಿಸಿದಳು.

"ನಂದೇ ತಾಯಿ. ಆದ್ರೆ ಹೋಗ್ತೀನಿ ಅಂತ ನಾನ್ಯಾವತ್ತು ಹೇಳ್ದೆ?"

"ಕ್ರಿಸೆಲ್ದಾನ ಕೇಳಿ!" ಹಿಂದಿನ ಸಾಲಿನಿಂದ ಒಬ್ಬ ಕೂಗಿದ. "ಸಹಿ ಹಾಕಿಸ್ಕೊಂಡೋಳು ಅವಳೇ. ಕಳ್ಳಿ!"

ಕ್ರಿಸೆಲ್ದಾ ಎದ್ದು ನಿಂತು ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ ಕೂಗಿದವನ ಮೇಲೆ ಹರಿಹಾಯ್ದಳು. "ನಾಲಿಗೆ ಬಿಗಿ ಹಿಡಿಯೋ! ನನ್ನ ಗಂಡ ಸತ್ತಾಗ ಮನೆಮನೆ ತಿರುಗಿ ಶವಪೆಟ್ಟಿಗೆಗೆ ದುಡ್ಡು ಎತ್ತಿದೋಳು ಇವಳು. ಮೋಸ ಮಾಡೋ ಪೈಕಿ ಅಲ್ಲ. ನಾನೇ ಓದದೆ ಹಾಕಿರ್ಬೇಕು. ತಪ್ಪು ನಂದು, ಬರ್ಕೊಳ್ಳಿ."

ಬ್ಯಾಂಕಿನವಳು ಬರೆದುಕೊಂಡಳು. ಕ್ರಿಸೆಲ್ದಾ ಕೂತಳು. ನಾಚಿಕೆಯಿಂದ ಅವಳ ಕಿವಿ ಕೆಂಪಾದದ್ದು ನನಗೆ ಕಂಡಿತು, ನನ್ನವೂ ಉರಿಯುತ್ತಿದ್ದವು. ಅದು ತಿಂಡಿಗೆ ಹಾಕಿದ ಸಹಿ ಎಂಬ ಒಂದು ಮಾತು ಸಾಕಿತ್ತು, ಅವಳು ಹೇಳಿದ್ದರೂ ಸರಿ, ನಾನು ಹೇಳಿದ್ದರೂ ಸರಿ. ಇಬ್ಬರೂ ಹೇಳಲಿಲ್ಲ. ದೂರು ವಜಾ ಆಯಿತು.

ಸಾಮಾನು ಸಾಗಿಸುವ ಲಾರಿ ಬಂದ ಬೆಳಿಗ್ಗೆ ಅಜ್ಜಿ ಕಚೇರಿಗೆ ಬಂದಳು. ನೇರ ಕ್ರಿಸೆಲ್ದಾಳ ಮೇಜಿಗೆ ಹೋದಳು.

"ನನ್ನ ದೂರಿನಿಂದ ನಾಲ್ಕು ಜನರೆದುರು ನೀನು ಮಾತು ಕೇಳ್ಬೇಕಾಯ್ತು. ಮನಸ್ಸಿಗೆ ಹಚ್ಕೋಬೇಡ ಮಗಳೇ. ಕ್ಷಮಿಸ್ಬಿಡು."

ಕ್ರಿಸೆಲ್ದಾ ಹಿರಿಯರಿಗೆ ಮಾಡುವಂತೆ ಅಜ್ಜಿಯ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು.

"ಪರವಾಗಿಲ್ಲ ಅಜ್ಜಿ," ಎಂದಳು.