ಬಾಗಿಲು ಕಾಣುವ ಮಂಚ

ಹೆಂಡತಿಗೆ ಗರ್ಭಕೋಶದ ಆಪರೇಷನ್ ಆಗಿ ಪರೇಲಿನ ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಂದೂವರೆ ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಮಲಗಿಯೇ ಇರಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಆಂಟಾಪ್ ಹಿಲ್‌ನಲ್ಲಿ ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಮಕ್ಕಳಿಲ್ಲ. ಅವಳ ತಂಗಿ ಒಂದು ವಾರ ಇದ್ದು ಹೋದಳು. ಆಮೇಲೆ ಹಗಲೆಲ್ಲ ಅವಳೊಬ್ಬಳೇ. ನಾನು ಮಾಟುಂಗಾದ ಹೋಟೆಲಿನ ಗಲ್ಲಾದಲ್ಲಿ ಕೂತು ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದೆ. ನಿದ್ದೆ ಬಂತಾ, ನೋವು ಹೇಗಿದೆ, ಗಂಜಿ ಕುಡಿದೆಯಾ ಎಂದು ಕೇಳಿ ಕೇಳಿ, ಮಲಗಿದ್ದವಳನ್ನು ನಾನೇ ಎಬ್ಬಿಸುತ್ತಿದ್ದೆ. ಅವಳು ನಿಧಾನವಾಗಿ ಸುಧಾರಿಸುತ್ತಿದ್ದಳು. ಆ ನಿಧಾನವೇ ನನಗೆ ಆಗಿಬರಲಿಲ್ಲ.

ಆಗ ಸಿಕ್ಕಿದವರು ದಿನಾ ಬೆಳಿಗ್ಗೆ ಇಡ್ಲಿಗೆ ಬರುವ ಒಬ್ಬ ಗಿರಾಕಿ. ಮನೆಗಳಿಗೆ ಫರ್ನಿಚರ್ ಮಾಡಿಸಿಕೊಡುವುದು ಅವರ ಕಸುಬು, ಜೊತೆಗೆ ಚೀನಾದವರ ವಾಸ್ತು, ಫೆಂಗ್ ಶುಯಿಯನ್ನೂ ಬಲ್ಲವರು. ಹೆಂಡತಿಯ ಮಂಚ ಎಲ್ಲಿದೆ ಎಂದು ಹಿಂದಿಯಲ್ಲಿ ಕೇಳಿದರು. ಕಪಾಟಿನ ಹಿಂದೆ, ಗೋಡೆಯ ಮಗ್ಗುಲಿಗೆ ಎಂದೆ. ಮಲಗಿದಲ್ಲಿಂದ ಬಾಗಿಲು ಕಾಣುತ್ತದೆಯೇ ಎಂದರು. ಇಲ್ಲ ಎಂದೆ. ಅವರು ಸಾಂಬಾರಿನ ಬಟ್ಟಲು ಕೆಳಗಿಟ್ಟು ತಲೆ ಅಲ್ಲಾಡಿಸಿದರು. ಬಾಗಿಲು ಕಾಣದ ಕಡೆ ಮಲಗಿದವರ ಮನಸ್ಸು ಒಳಗೊಳಗೇ ಹೆದರುತ್ತಿರುತ್ತದಂತೆ, ಮೈ ವಾಸಿಯಾಗುವುದಿಲ್ಲವಂತೆ. ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು, ಆದರೆ ಕಾಲು ಬಾಗಿಲಿಗೆ ನೇರವಾಗಿರಬಾರದು.

ನನಗೆ ಇದು ತಕ್ಷಣ ತಲೆಗೆ ಹೋಯಿತು. ಗಲ್ಲಾವನ್ನು ಯಾವ ಹೋಟೆಲಿನವನೂ ಬಾಗಿಲಿಗೆ ಬೆನ್ನು ಮಾಡಿ ಇಡುವುದಿಲ್ಲ. ಒಳಗೆ ಬರುವವರು, ಹೊರಗೆ ಹೋಗುವವರು ಕಾಣುತ್ತಿದ್ದರೆ ಮಾತ್ರ ಕೂತವನಿಗೆ ನೆಮ್ಮದಿ. ಚೀನಾದವರು ಶಾಸ್ತ್ರ ಮಾಡಿದ್ದನ್ನು ನಮ್ಮ ಉಡುಪಿ ಕಡೆಯವರು ಹೋಟೆಲಿನಲ್ಲೇ ಕಲಿತಿದ್ದೇವೆ ಎಂದು ಸಣ್ಣ ಜಂಬವೂ ಬಂತು.

ರಜೆಯ ದಿನ ಕಪಾಟು ಸರಿಸಿದೆ, ಮಂಚ ಎಳೆದೆ. ಬಾಗಿಲು ಕಾಣುವಂತೆ ಮಾಡಿದರೆ ತಲೆ ಉತ್ತರಕ್ಕೆ ಬರುತ್ತಿತ್ತು, ಅದನ್ನು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ತಿರುಗಿಸಿದರೆ ಕಾಲು ದೇವರ ಪಟಕ್ಕೆ. ಪಟವನ್ನು ಅಡುಗೆಮನೆಗೆ ಒಯ್ದೆ. ಗಿರಾಕಿ ಹೇಳಿದಂತೆ ಕನ್ನಡಿಗೆ ಟವೆಲ್ ಹೊದಿಸಿದೆ, ಬಿದಿರಿನ ಗಿಡ ತಂದಿಟ್ಟೆ, ಬಾಗಿಲಿಗೆ ಗಾಳಿಗಂಟೆ ಕಟ್ಟಿದೆ. ಕುರ್ಚಿಯಲ್ಲಿ ಕೂತಿದ್ದ ಅವಳು, "ಸಾಕು ಮಾರಾಯ್ರೆ, ನೋಡಿಯೇ ನನ್ಗೆ ಸುಸ್ತಾಯ್ತು" ಎಂದಳು.

ಆದರೆ ಅಲ್ಲಿಂದ ಅವಳು ಸೊರಗುತ್ತಲೇ ಹೋದಳು. ಸಂಜೆ ಬಂದಾಗ ಮುಖ ಬಾಡಿರುತ್ತಿತ್ತು, ಹೊಟ್ಟೆ ಹಿಡಿದುಕೊಂಡು ಕೂತಿರುತ್ತಿದ್ದಳು. ಕೇಳಿದರೆ ಎಂತ ಇಲ್ಲ ಎನ್ನುವಳು. ನಾನು ಗಿರಾಕಿಯನ್ನು ಕೇಳಿ ಗಿಡವನ್ನು ಆ ಮೂಲೆಯಿಂದ ಈ ಮೂಲೆಗೆ ಇಟ್ಟೆ. ಮಂಚವನ್ನು ಒಂದು ಗೇಣು ಓರೆ ಮಾಡಿದೆ. ತಪ್ಪು ಯಾವ ಮೂಲೆಯಲ್ಲಿದೆ ಎಂದು ಗಲ್ಲಾದಲ್ಲಿ ಕೂತೂ ಲೆಕ್ಕ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ತಡೆಯಲಾರದೆ, ಹೇಳದೆ ಕೇಳದೆ ಟ್ಯಾಕ್ಸಿ ಹಿಡಿದು ಮನೆಗೆ ಬಂದೆ. ನಮ್ಮ ಬಿಲ್ಡಿಂಗಿನಲ್ಲಿ ಹಗಲು ಯಾರೂ ಬಾಗಿಲು ಹಾಕುವುದಿಲ್ಲ. ಕಾಯಿಲೆಯವರಿದ್ದರಂತೂ ಇಡೀ ಮಹಡಿಯೇ ವಿಚಾರಿಸಿಕೊಳ್ಳಲು ಬರುತ್ತದೆ. ಬಂದವರಿಗೆ ಬೆಲ್ಲ ನೀರು, ಆಮೇಲೆ ಚಹಾ ಕೊಡದೆ ಕಳಿಸುವ ಅಭ್ಯಾಸ ನಮ್ಮವರಿಗಿಲ್ಲ. ಎದುರು ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಮಂಚದ ಮೇಲೆ ಕೂತಿದ್ದರು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಒಂದು ಕೈಯಲ್ಲಿ ಹೊಟ್ಟೆ ಒತ್ತಿಕೊಂಡು, ಬಗ್ಗಿ, ಚಹಾ ಇಡಲು ಸಿಲಿಂಡರಿನ ತಿರುಪು ತಿರುಗಿಸುತ್ತಿದ್ದಳು. ನೈಟಿಯ ಮೇಲೆ ಹೊಲಿಗೆಯ ಜಾಗದಲ್ಲಿ ಕೆಂಪು ಕಲೆ. ಅವಳನ್ನು ಹಾಗೇ ಹಿಡಿದುಕೊಂಡು ಕೆಳಗಿಳಿಸಿ ಟ್ಯಾಕ್ಸಿ ಹತ್ತಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನಮ್ಮಿಬ್ಬರಿಗೂ ಚೆನ್ನಾಗಿ ಬೈದರು. ಗಾಯ ಬಿಚ್ಚಿಕೊಂಡಿತ್ತು. ಇನ್ನೊಮ್ಮೆ ಹೀಗಾದರೆ ಮತ್ತೆ ಆಪರೇಷನ್ ಮಾಡಬೇಕಾದೀತು ಎಂದರು. ವಾಪಸು ಬರುವಾಗ ಟ್ಯಾಕ್ಸಿಯಲ್ಲಿ, ಯಾಕೆ ಎದ್ದೆ ಎಂದು ನಾನು ರೇಗಿದೆ. ಅವಳು ಕಿಟಕಿಯ ಕಡೆ ನೋಡುತ್ತಾ ಹೇಳಿದಳು.

"ಕಪಾಟಿನ ಹಿಂದೆ ಇದ್ದಾಗ ನಿದ್ದೆ ಬಂದವ್ರ ಹಾಗೆ ಮಲಗಿರ್ತಿದ್ದೆ. ಬಂದವ್ರು ಇಣುಕಿ ನೋಡಿ ಹೋಗ್ತಿದ್ರು. ಈಗ ಮುಖಕ್ಕೆ ಮುಖ ಕಾಣ್ತದೆ. ಕಂಡ ಮೇಲೆ ಮಲಗಿಯೇ ಇರ್ಲಿಕ್ಕೆ ಆಗ್ತದಾ?"

ಬಾಗಿಲು ಕಂಡರೆ ನನಗೆ ಯಜಮಾನಿಕೆ, ಅವಳಿಗೆ ಚಾಕರಿ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದೂ ಇದು ನನಗೆ ಗೊತ್ತಿರಲಿಲ್ಲ.

ಹೋಟೆಲಿನ ಮಾಲೀಕ ಸೇಠರಿಗೆ ಹೇಳಿ ಭಾನುವಾರದವರೆಗೆ ರಜೆ ಹಾಕಿದೆ. ಮಂಚ ಮತ್ತೆ ಕಪಾಟಿನ ಹಿಂದಕ್ಕೆ ಹೋಯಿತು. ಅವಳು ಬಾಗಿಲಿಗೆ ಬೆನ್ನು ಹಾಕಿ, ಗೋಡೆ ನೋಡುತ್ತಾ ಮಲಗಿದಳು. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತು, ಬಂದವರಿಗೆಲ್ಲ ಚಹಾ ಮಾಡಿ ಕೊಟ್ಟೆ. ಕೂತೆ ಎನ್ನುವಷ್ಟರಲ್ಲಿ ಇನ್ನೊಬ್ಬರು ಬರುತ್ತಿದ್ದರು. ಕಾಕು ಒಂದು ಗುಟುಕು ಕುಡಿದು, ಇದೆಂಥ ಚಹಾ, ನಾಳೆಯಿಂದ ನಾನೇ ಮಾಡಿ ತರುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ನಕ್ಕರು. ಕಪಾಟಿನ ಹಿಂದಿನಿಂದ ಸಣ್ಣಗೆ ಗೊರಕೆ ಕೇಳಿಸಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು.

ಭಾನುವಾರ ಸಂಜೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಅವಳಿಗೆ ಎಚ್ಚರವಾಗಿತ್ತು. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ನೀವು ಉಂಟಲ್ಲ ಅಂತ ನಾನು ಹೀಗೆ ಮಲಗಿದ್ದು. ಬಂದವ್ರಿಗೆ ಈಗ ಕೂತು ಚಹಾ ಕುಡಿದು ಹೋಗುವ ಅಭ್ಯಾಸ ಆಗಿದೆ. ನಾಳೆ ನೀವು ಹೋಟೆಲಿಗೆ ಹೋದ ಮೇಲೆ ಯಾವ ಕಡೆಗೆ ತಿರುಗಿ ಮಲಗ್ಲಿ?"