ಕುದುರೆ ಚಕ್ರದ ಮೇಲಿನ ಸುಶೀಲಾಬಾಯಿ

ಎರಡನೆಯ ಸುತ್ತು ಮುಗಿಯುತ್ತ ಬಂದಿದೆ. ಸುಶೀಲಾಬಾಯಿ ಕ್ಯಾಮೆರಾದೊಳಗಿಂದ ಇನ್ನೂ ಕಣ್ಣೆತ್ತಿಲ್ಲ. ಎದುರಿನ ಮರದ ಕುದುರೆಯ ಮೇಲೆ ಯಾರೂ ಕೂತಿಲ್ಲ, ಕ್ಯಾಮೆರಾದಲ್ಲಿ ರೀಲೂ ಇಲ್ಲ. ನಾಸಿಕದ ಹತ್ತಿರದ ದೇವಳಾಲಿ ಸೇನಾ ಕ್ಯಾಂಪಿನ ಮೈದಾನದ ಮೇಲೆ ಬೆಳಗಿನ ಮಂಜು ಕೂತಿದೆ. ಆನಂದಮೇಳದ ದೊಡ್ಡ ರಾಟೆ ತೊಟ್ಟಿಲು ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಕುದುರೆಗಳ ಚಕ್ರವನ್ನು ಕಾಯುವ ಮರಾಠಿ ಮುದುಕರು, ಮೇಳದವರೆಲ್ಲರಿಗೂ ಮಾಮಾ, ಅದನ್ನು ಕೈಯಿಂದಲೇ ತಳ್ಳುತ್ತಿದ್ದಾರೆ.

"ಹಳೂ ಮಾಮಾ, ಹಳೂ," ಎನ್ನುತ್ತಾರೆ ಬಾಯಿ. ಚಕ್ರ ನಿಧಾನವಾಗುತ್ತದೆ. ಕ್ಯಾಮೆರಾದ ಕೆಳಗೆ ಒಂದೇ ಒಂದು ಮರದ ಕಾಲು. ಅದರ ತುದಿಯನ್ನು ಅವರು ಎಡಪಾದದ ಪಕ್ಕಕ್ಕೆ ಒತ್ತಿ ಹಿಡಿದಿದ್ದಾರೆ, ಮೇಲ್ತುದಿಯನ್ನು ಎದೆಗೆ ಆನಿಸಿಕೊಂಡಿದ್ದಾರೆ. ಉಸಿರು ಬಿಟ್ಟು, ಮತ್ತೆ ಎಳೆದುಕೊಳ್ಳುವ ಮೊದಲು ಬೆರಳು ಒತ್ತುತ್ತದೆ. ಕಿಟ್ ಎಂಬ ಸಣ್ಣ ಸದ್ದು ಮಂಜಿನಲ್ಲಿ ಕರಗುತ್ತದೆ.

"ರೀಲ್ ಹಾಕದೇ ತೆಗ್ದದ್ದು ನಂದ್ರೀ," ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ ಇಳಿಯುತ್ತ. "ಹಾಕಿ ತೆಗ್ದದ್ದು ಮಂದೀದು."

ಬೀದರ್ ಜಿಲ್ಲೆಯ ಭಾಲ್ಕಿ ಕಡೆಯ ಈ ಹೆಣ್ಣುಮಗಳು ನಾಸಿಕ, ಔರಂಗಾಬಾದುಗಳ ನಡುವೆ ಮೇಳದೊಂದಿಗೆ ತಿರುಗತೊಡಗಿ ವರ್ಷಗಳಾದವು. ಗಂಡ ವಿಶ್ವನಾಥಪ್ಪ ಬೀದರಿನ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿತವರು. ಮೇಳದಲ್ಲಿ ಅವರದೊಂದು ಡೇರೆ. ಎದುರಿಗೆ ಚಂದ್ರನನ್ನು ಬರೆದ ಪರದೆ, ಒಳಗೆ ಫೋಟೋ ತೊಳೆಯುವ ಕತ್ತಲ ಮೂಲೆ. ಬಂದ ಹೊಸದರಲ್ಲಿ ಸುಶೀಲಾಬಾಯಿಯ ಕೆಲಸ ಕ್ಯಾಮೆರಾ ಸ್ಟ್ಯಾಂಡಿನ ಬುಡದಲ್ಲಿ ಕೂರುವುದಷ್ಟೇ ಆಗಿತ್ತು. ಜನರ ಕಾಲು ತಾಗಿ ಅಲುಗದಂತೆ ಅವರು ಅದರ ಕಾಲನ್ನು ಹಿಡಿದುಕೊಳ್ಳಬೇಕು. ಜನರೇಟರು ಶುರುವಾದರೆ ಮೈದಾನವೇ ಸಣ್ಣಗೆ ನಡುಗುತ್ತದೆ. ಎಲ್ಲಿ ಕಡಿಮೆ ನಡುಗುತ್ತದೆಂದು ಬೆಳಿಗ್ಗೆ ಬರಿಗಾಲಲ್ಲಿ ತಿರುಗಿ ಹುಡುಕಿ, ಅಲ್ಲಿ ಮೂರು ಕುಳಿ ತೋಡಿ, ಒದ್ದೆ ಮಣ್ಣು ತುಂಬಿ ಸ್ಟ್ಯಾಂಡಿನ ಕಾಲೂರುತ್ತಿದ್ದರು. ಮಂಡಿನೋವಿನಿಂದ ಗಂಡ ಹೊರಗೆ ನಿಲ್ಲಲಾರದೆ ಕತ್ತಲ ಮೂಲೆಗೆ ಸೇರಿದ ಮೇಲೆ ಕ್ಯಾಮೆರಾ ಇವರ ಕೈಗೆ ಬಂತು.

ಕುದುರೆ ಚಕ್ರದ ಮೇಲೆ ಮೂರು ಕಾಲಿನ ಸ್ಟ್ಯಾಂಡಿಗೆ ಅಪ್ಪಣೆ ಇಲ್ಲ. ಕುದುರೆಗಳ ನಡುವೆ ಜಾಗವಿಲ್ಲ, ಮಕ್ಕಳು ಎಡವುತ್ತಾರೆ. ಮುರಿದ ಹಳೆಯ ಸ್ಟ್ಯಾಂಡಿನ ಉಳಿದೊಂದು ಕಾಲನ್ನು ಸುಶೀಲಾಬಾಯಿ ಎತ್ತಿಟ್ಟುಕೊಂಡಿದ್ದರು. ಸಾತಪುರದ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಒಬ್ಬರು ಹೆಂಡತಿ ಮಕ್ಕಳೊಂದಿಗೆ ಮೇಳಕ್ಕೆ ಬಂದಾಗ ಅದನ್ನು ಒಯ್ದು, ಕ್ಯಾಮೆರಾ ಕೂರುವಂತೆ ಅದರ ತಲೆಗೊಂದು ತಿರುಪು ಮಾಡಿಕೊಟ್ಟರು. ಅಂದಿನಿಂದ ಬಾಯಿ ಚಕ್ರದ ಮೇಲೇರಿದ್ದಾರೆ.

ಮೊದಲ ದಿನಗಳಲ್ಲಿ ಕೆಳಗೆ ನಿಂತ ಗಂಡಸರು ಕೂಗುತ್ತಿದ್ದರಂತೆ: "ಅರೇ, ಬಾಯಿ ಫೋಟೋ ಕಾಢತೇ!" ಹೆಂಗಸು ಫೋಟೋ ತೆಗೀತಾಳೆ ಎಂದು.

"ನಿಂದೂ ತೆಗೀತೀನಿ, ಮೊದ್ಲು ಮಾರಿ ತೊಳ್ಕೊಂಡು ಬಾ ಅಂತ ಮರಾಠಿನಾಗೇ ಅಂದೆ. ಒಬ್ಬಾಂವ ಖರೇನೇ ತೊಳ್ಕೊಂಡು ಬಂದ್ನ್ರೀ!"

ಅವರ ಹೆಸರು ಕ್ಯಾಂಪಿನ ಹೆಂಗಸರ ಬಾಯಿಗೆ ಬಿದ್ದದ್ದು ಒಂದು ತಪ್ಪಿನಿಂದ. ಡೇರೆಯೊಳಗಿನ ಮಂದ ಬೆಳಕಿಗೆಂದು ನಿಧಾನಕ್ಕೆ ಮುಚ್ಚುವಂತೆ ತಿರುಗಿಸಿಟ್ಟಿದ್ದ ಕ್ಯಾಮೆರಾದ ಶಟರನ್ನು ಬದಲಿಸಲು ಮರೆತು, ಸಂಜೆ ಅವರು ಚಕ್ರ ಹತ್ತಿದರು. ಕುದುರೆಯ ಮೇಲಿದ್ದವಳು ಹವಾಲ್ದಾರರೊಬ್ಬರ ಹೆಂಡತಿ. ಫೋಟೋ ತೊಳೆದಾಗ ಅವಳ ಮೂಗಿನ ನತ್ತು, ರೆಪ್ಪೆ, ಹಣೆಗೆ ಅಂಟಿದ ಕೂದಲು ಎಲ್ಲವೂ ಸ್ಪಷ್ಟ. ಹಿಂದಿನ ಲೋಕ ಮಾತ್ರ ಕರಗಿಹೋಗಿದೆ: ದೀಪ, ಡೇರೆ, ಜನ ಎಲ್ಲ ಎಳೆಪಾಕದ ಹಾಗೆ ಉದ್ದಕ್ಕೆ ಹರಿದಿವೆ. ಚಕ್ರದೊಂದಿಗೆ ತಾನೂ ತಿರುಗುವ ಕ್ಯಾಮೆರಾಕ್ಕೆ, ಜೊತೆಗೆ ತಿರುಗುವವಳೊಬ್ಬಳೇ ನಿಂತಂತೆ ಕಾಣುತ್ತಾಳೆ.

ವಿಶ್ವನಾಥಪ್ಪ ಅದನ್ನು ಕೆಟ್ಟದ್ದೆಂದರು. ದಾರದ ಮೇಲೆ ಒಣಗುತ್ತಿದ್ದುದನ್ನು ಹವಾಲ್ದಾರರ ಹೆಂಡತಿ ಕಂಡಳು, ಕೈಗೆ ತೆಗೆದುಕೊಂಡಳು, ಮತ್ತೆ ಕೊಡಲಿಲ್ಲ. ಪಾಕಿಸ್ತಾನದೊಂದಿಗಿನ ಯುದ್ಧ ಮುಗಿದು ಒಂದು ವರ್ಷವಾಗಿದ್ದರೂ ಅವಳ ಗಂಡ ಇನ್ನೂ ಗಡಿಯಲ್ಲೇ ಇದ್ದ. ಫೋಟೋ ಅಲ್ಲಿಗೆ ಹೋಯಿತು. ಮರುದಿನ ಅವಳ ಗೆಳತಿಯರು ಬಂದರು.

ನಾನಲ್ಲಿರುವಾಗಲೇ ರಾಜೀವಿ ಬರುತ್ತಾರೆ. ಉಡುಪಿ ಕಡೆಯವರು, ಕ್ಯಾಂಪಿನಲ್ಲಿ ಗಂಡನ ಹೋಟೆಲಿನ ಅಡುಗೆಮನೆ ಅವರದೇ ಕೈಯಲ್ಲಿ. ಸೆರಗಿನಲ್ಲಿ ಹುಳಿಯ ಒಗ್ಗರಣೆಯ ಘಮ ಇನ್ನೂ ಇದೆ.

"ಆ ಕರಗಿದ ಫೋಟೋ ಬೇಕು ನನಗೆ," ಎನ್ನುತ್ತಾರೆ.

"ಅದು ಕೆಟ್ಟ ಫೋಟೋ ಅದ ತಂಗಿ," ಡೇರೆಯೊಳಗಿಂದ ವಿಶ್ವನಾಥಪ್ಪ. "ಪರದೆ ಮುಂದ ಕೂಡ್ರು, ಚೆಂದಂದು ತೆಗಸ್ತೀನಿ."

"ಚೆಂದದ್ದು ಮನೆಯಲ್ಲಿ ನಾಲ್ಕು ಉಂಟು ಮಾರಾಯ್ರೆ, ನಾಲ್ಕರಲ್ಲೂ ಅತ್ತೆ ಪಕ್ಕದಲ್ಲೇ ಇದ್ದಾರೆ. ನೀವು ಕೆಟ್ಟದ್ದನ್ನೇ ಕೊಡಿ. ಹಿಂದೆ ಹೋಟೆಲು ಕಾಣಬಾರದು, ರುಬ್ಬುವ ಕಲ್ಲೂ ಕಾಣಬಾರದು."

ಸುಶೀಲಾಬಾಯಿ ನಗು ತಡೆದುಕೊಂಡು ಅವರನ್ನು ಕುದುರೆ ಹತ್ತಿಸುತ್ತಾರೆ. "ಕಂಬ ಗಟ್ಟಿ ಹಿಡೀರಿ. ನನ್ನ ನೋಡಬ್ಯಾಡ್ರಿ. ಎಲ್ಲಿ ಹೋಗ್ಬೇಕು ಅನ್ನಸ್ತದ, ಆ ಕಡಿ ನೋಡ್ರಿ." ಚಕ್ರ ತಿರುಗುತ್ತದೆ. ಮಾತಿನ ಮಲ್ಲಿ ರಾಜೀವಿ ಕಂಬ ಹಿಡಿದು ದೂರಕ್ಕೆ ನೋಡುತ್ತಾರೆ. ಅವರ ಕಣ್ಣು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಇಳಿದ ಮೇಲೂ ಸ್ವಲ್ಪ ಹೊತ್ತು ಮರಳುವುದಿಲ್ಲ.

ಈ ಚಕ್ರ ಇನ್ನು ಸುಶೀಲಾಬಾಯಿಯ ಪಾಲಿಗಿಲ್ಲ. ಭಾನುವಾರ ವೈಜಾಪುರದಿಂದ ವಿಶ್ವನಾಥಪ್ಪನವರ ಚಿಕ್ಕಪ್ಪನ ಮಗ ಶಿವರಾಯ ಬಂದಿದ್ದಾರೆ. ಅಲ್ಲಿನ ಪೇಟೆಯಲ್ಲಿ ಸ್ಟುಡಿಯೋಗೆ ಜಾಗ ಹಿಡಿದಿದ್ದಾರೆ.

"ಸಿಮೆಂಟ್ ನೆಲ ಅದ ಅಣ್ಣಾ. ಸ್ಟ್ಯಾಂಡ್ ಒಮ್ಮೆ ಇಟ್ರ ಮುಗೀತು, ಕಾಲ್ ಹಿಡ್ಕೊಂಡು ಕೂಡ್ರೂದಿಲ್ಲ. ನೀ ಕುರ್ಚಿ ಮ್ಯಾಲೆ ಕೂತೇ ಫೋಟೋ ತೆಗಿ, ನಾ ರೊಕ್ಕದ ಗಲ್ಲಾ ನೋಡ್ಕೊಂತೀನಿ. ಸುಶೀಲಾ ವೈನಿ ಆರಾಮ ಮನ್ಯಾಗ ಇರ್ತಾರ."

"ಇಕೀಗೂ ಸಾಕಾಗ್ಯಾದ," ಎನ್ನುತ್ತಾರೆ ವಿಶ್ವನಾಥಪ್ಪ. ಅವರ ದನಿಯಲ್ಲಿ ನಿಜವಾದ ಕನಿಕರವಿದೆ. "ಹೆಣ್ಮಗಳು, ಎಷ್ಟಂತ ಧೂಳಾಗ ನಿಲ್ತಾಳ?"

ಸುಶೀಲಾಬಾಯಿ ಚಹಾ ಬಸಿಯುತ್ತಿದ್ದಾರೆ. ಅವರನ್ನು ಯಾರೂ ಕೇಳುವುದಿಲ್ಲ. ಚಹಾ ಕುಡಿದು ಮುಗಿಯುವಷ್ಟರಲ್ಲಿ ಎಲ್ಲ ನಿಶ್ಚಯವಾಗುತ್ತದೆ. ಮೇಳದ ಲಾರಿ ಔರಂಗಾಬಾದಿಗೆ ಹೋಗುವುದು ವೈಜಾಪುರದ ಮೇಲೆಯೇ; ಗಂಡಹೆಂಡತಿ ಅಲ್ಲಿ ಇಳಿದುಕೊಳ್ಳುವುದು.

ಸಂಜೆ ಫೋಟೋಗಳನ್ನು ದಾರಕ್ಕೆ ಸಿಕ್ಕಿಸುತ್ತ ಸುಶೀಲಾಬಾಯಿ ತಾವಾಗಿಯೇ ಮಾತಾಡುತ್ತಾರೆ. "ಅವ್ರು ನನ್ನ ಒಳ್ಳೇದಕ್ಕೇ ಅಂತಾರ್ರೀ. ಮಂಡಿನೋವು ಅವ್ರಿಗೆ, ಸುಖ ಬ್ಯಾಡಂತ ಹ್ಯಾಂಗ ಅನ್ಲಿ? ಆದ್ರ ಅಲ್ಲಿ ನೆಲ ಅಲ್ಲಾಡಂಗಿಲ್ಲಂತ. ನೆಲ ಅಲ್ಲಾಡ್ಲಿಲ್ಲಂದ್ರ ನನ್ನ ಕೆಲ್ಸ ಏನದ ಅಲ್ಲಿ?" ಒಂದು ಫೋಟೋದ ತುದಿಯಿಂದ ನೀರು ತೊಟ್ಟಿಕ್ಕುತ್ತದೆ. ಅದರಲ್ಲಿ ರಾಜೀವಿ. ಹಿಂದೆ ಬೆಳಕಿನ ಹೊಳೆ. "ಔರಂಗಾಬಾದಿನಾಗ ಮೈದಾನ ದೊಡ್ಡದದ. ಇನ್ನಷ್ಟು ನಿಧಾನ ತೆಗ್ದ್ರ ಹ್ಯಾಂಗ ಬರ್ತದೋ ನೋಡ್ಬೇಕಂತಿದ್ದೆ."

ಮೇಳ ಕೀಳುವ ದಿನ ಮೈದಾನವೆಲ್ಲ ಹಗ್ಗ ಮತ್ತು ಕೂಗು. ಲಾರಿ ತುಂಬುವುದಕ್ಕೆ ಇವರಲ್ಲೊಂದು ಕ್ರಮವಿದೆ: ದಾರಿಯಲ್ಲಿ ಮೊದಲು ಇಳಿಯುವ ಸಾಮಾನು ಕೊನೆಗೆ ಏರಬೇಕು, ಹಿಂಬಾಗಿಲ ಬಳಿ ಇರಬೇಕು. ಒಳಗೆ, ಡ್ರೈವರನ ಬೆನ್ನ ಕಡೆಗೆ ಹೋದದ್ದು ಪ್ರಯಾಣ ಮುಗಿಯುವವರೆಗೆ ಕೈಗೆ ಸಿಗದು. ಒಂದು ಟ್ರಂಕಿಗಾಗಿ ನಡುದಾರಿಯಲ್ಲಿ ಇಡೀ ಲಾರಿಯನ್ನು ಬಿಚ್ಚುವವರಿಲ್ಲ. ವಿಶ್ವನಾಥಪ್ಪ ಆಗಲೇ ಡ್ರೈವರನ ಪಕ್ಕ ಕೂತು ಮಂಡಿಗೆ ಎಣ್ಣೆ ಉಜ್ಜಿಕೊಳ್ಳುತ್ತಿದ್ದಾರೆ. ಅವರ ಸಂಸಾರವೆಲ್ಲ, ಪಾತ್ರೆ, ಬಟ್ಟೆ, ಕ್ಯಾಮೆರಾ, ಸ್ಟ್ಯಾಂಡು, ಔಷಧದ ಬಾಟಲಿಗಳೆಲ್ಲ ತುಂಬಿದ ದೊಡ್ಡ ಟ್ರಂಕು, ವೈಜಾಪುರದಲ್ಲೇ ಇಳಿಯುವುದರಿಂದ ಕೊನೆಗೆ ಏರಲೆಂದು ಕೆಳಗೆ ಕಾದಿದೆ.

ಲಾರಿ ಇನ್ನೂ ಖಾಲಿ. ಮಾಮಾ ಮತ್ತು ಅವರ ಆಳುಗಳು ಕುದುರೆಗಳನ್ನು ಬಿಚ್ಚುತ್ತಿದ್ದಾರೆ. ಸುಶೀಲಾಬಾಯಿ ಒಮ್ಮೆ ಸುತ್ತ ನೋಡುತ್ತಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಟ್ರಂಕಿನ ಒಂದು ತುದಿಯನ್ನು ಎತ್ತಿ, ಲಾರಿಗೆ ಆನಿಸಿದ ಹಲಗೆಯ ಮೇಲಿಟ್ಟು ನೂಕುತ್ತಾರೆ. ತಾವೂ ಮೇಲೇರುತ್ತಾರೆ. ತಗಡಿನ ಮೇಲೆ ಟ್ರಂಕು ಎಳೆಯುವ ಸದ್ದು ಒಳಗೊಳಗೆ ಹೋಗಿ, ಡ್ರೈವರನ ಬೆನ್ನ ಹಿಂದಿನ ಗೋಡೆಗೆ ತಾಗಿ ನಿಲ್ಲುತ್ತದೆ.

"ಆತೇನ?" ಮುಂದಿನಿಂದ ವಿಶ್ವನಾಥಪ್ಪ ಕೇಳುತ್ತಾರೆ.

"ಆತ್ರೀ," ಎಂದು ಇಳಿದು ಕೈ ಒರೆಸಿಕೊಳ್ಳುತ್ತಾರೆ ಸುಶೀಲಾಬಾಯಿ. ಆಳುಗಳು ಬಿಚ್ಚಿದ ಕುದುರೆಗಳನ್ನು ಒಂದೊಂದಾಗಿ ಹೊತ್ತು ತಂದು ಟ್ರಂಕಿಗೆ ಅಡ್ಡಲಾಗಿ ಪೇರಿಸತೊಡಗುತ್ತಾರೆ.