ಎಲ್ಲ ಫೋಲ್ಡರಿನಲ್ಲೂ ದುರುಗಮ್ಮ

ದೇವದುರ್ಗದ ಬಸ್ ನಿಲ್ದಾಣದ ಎದುರಿಗೆ ದುರುಗೇಶನ ಫೋಟೊ ಸ್ಟುಡಿಯೊ. ಕುರಿ ಕಾಯುವ ಮನೆತನದವನು ರಾಯಚೂರಿನಲ್ಲಿ ಕೆಲಸ ಕಲಿತು ಬಂದು ಅಂಗಡಿ ಹಾಕಿದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಆದರೆ ಕಂಪ್ಯೂಟರಿನಲ್ಲಿ ಹೆಸರು ಬರೆಯುವುದೆಂದರೆ ಮಾತ್ರ ಆಗದು. ಯಾವ ಮದುವೆಯ ಫೋಲ್ಡರಿಗೂ ಅವನು ಹೆಸರಿಟ್ಟವನಲ್ಲ. ಎಲ್ಲವೂ ನ್ಯೂ ಫೋಲ್ಡರುಗಳೇ. ಕೇಳಿದರೆ, "ಕುರಿಗೆ ಯಾರರ ಹೆಸರು ಬರೀತಾರೇನ್ರಿ? ಮಾರಿ ನೋಡಿ ಗುರ್ತು ಹಿಡೀತಾರ" ಎನ್ನುತ್ತಿದ್ದ. ಒಳಗಿನ ಮೊದಲ ಚಿತ್ರ ಫೋಲ್ಡರಿನ ಮೇಲೆ ಉಗುರಿನಷ್ಟು ಚಿಕ್ಕದಾಗಿ ಇಣುಕುತ್ತದಲ್ಲ, ಅದರ ಮೇಲೆ ಅವನಿಗೆ ಪೂರ್ತಿ ಭರವಸೆ.

ಜೊತೆಗೆ ಒಂದು ನೇಮ. ಯಾವ ಮದುವೆಗೆ ಹೋದರೂ ಬ್ಯಾಗಿನಿಂದ ದುರುಗಮ್ಮನ ಪಟ ತೆಗೆದು, ಹಂದರದೊಳಗೆ ಅಕ್ಕಿಯ ಮೇಲಿಟ್ಟು, ಮೊದಲ ಫೋಟೊ ತಾಯಿಯದೇ ತೆಗೆಯಬೇಕು. ಭಕ್ತಿ ಒಳ್ಳೆಯದೇ. ಬುದ್ಧಿಯೂ ಸ್ವಲ್ಪ ಜೊತೆಗಿದ್ದರೆ ಚೆನ್ನಾಗಿತ್ತು.

ಒಂದು ಮಧ್ಯಾಹ್ನ ಮಸರಕಲ್ಲಿನ ಬೂದೆಮ್ಮ ಬಂದು ಕುರ್ಚಿಯ ಮೇಲೆ ಕುಸಿದಳು. ಅವಳ ಮಗಳ ಮದುವೆ ಹತ್ತಿರ ಬಂದಿತ್ತು. ಸೋದರಮಾವ ಕೈ ಹಿಡಿದು ಕರೆತರದೆ ಮದುಮಗಳು ಹಂದರಕ್ಕೆ ಬರುವಂತಿಲ್ಲ. ಆ ಸೋದರಮಾವ, ಮಾನ್ವಿಯಲ್ಲಿರುವ ಅವಳ ತಮ್ಮ ನಿಂಗರಾಜ, ಬರುವುದೇ ಇಲ್ಲವೆಂದು ಕುಳಿತಿದ್ದ.

"ತನ್ನ ಮಗಳ ಮದುವ್ಯಾಗ ಮಾವ, ಅಂದ್ರ ನಮ್ಮನಿಯವ್ರು, ಮಾರಿ ಸುದ್ದಾ ತೋರಿಸ್ಲಿಲ್ಲ ಅಂತಾನಪ್ಪ ಅಂವ. ನಾ ಜ್ವರ ಬಂದು ಮಲಗಿದ್ದೆ, ಖರೆ. ಆದ್ರ ನಮ್ಮನಿಯವ್ರು ಹೋಗಿದ್ರು. ಕುರಿ ಯಾರದೋ ಹೊಲ ಹೊಕ್ಕಾವಂತ ಫೋನ್ ಬಂತು, ಅಕ್ಕಿಕಾಳು ಹಾಕೂದಕ್ಕೂ ನಿಲ್ಲದ ಓಡಿ ಬಂದ್ರು. ಅಂವ ನಂಬವಲ್ಲ. ಆ ಮದುವಿ ಫೋಟೊ ನೀನ ತೆಗೆದೀಯಂತ. ಎಲ್ಲ್ಯರ ಒಂದು ಕಡೆ ಅವ್ರು ಇರ್ತಾರ, ನೋಡು."

"ಅದೇನು ದೊಡ್ಡದ ಯವ್ವಾ, ಈಗ ತೆಗೀತೀನಿ" ಎಂದು ದುರುಗೇಶ ಹಳೆಯ ಮದುವೆಗಳ ಡಿಸ್ಕ್ ತೆರೆದ.

ಪರದೆಯ ತುಂಬ ಫೋಲ್ಡರುಗಳು. ಎಲ್ಲದರ ಮೇಲೂ ದುರುಗಮ್ಮ. ಅದೇ ಪಟ, ಅದೇ ಕುಂಕುಮ, ಅದೇ ಅಕ್ಕಿ. ಕೆಳಗೆ ಹೋದಂತೆಲ್ಲ ತಾಯಿಯೇ ಸಾಲಾಗಿ ನಿಂತಿದ್ದಳು. ಹಳೆಯದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ದುರುಗೇಶನ ಕಿವಿ ಬಿಸಿಯಾಯಿತು.

ಬೂದೆಮ್ಮ ಮಾತ್ರ ಕೈ ಮುಗಿದಳು. "ಎಷ್ಟು ಭಕ್ತಿ ಐತಪ್ಪ ನಿಂಗ" ಎಂದಳು. ಇದಕ್ಕಿಂತ ಅವಳು ಬೈದಿದ್ದರೇ ವಾಸಿ ಎನಿಸಿತು ಅವನಿಗೆ.

ಇನ್ನೂ ಕೆಳಗೆ ಸರಿಸುತ್ತಿದ್ದ ಕೈ ನಿಂತಿತು. ಒಂದೇ ಒಂದು ಫೋಲ್ಡರಿನ ಮೇಲೆ ದುರುಗಮ್ಮನಿರಲಿಲ್ಲ. ಅವಳಿರಬೇಕಾದ ಕಡೆ ಕರಿಯದೇನೋ ಇತ್ತು. ಅವನಿಗೆ ಥಟ್ಟನೆ ನೆನಪಾಯಿತು: ಹಿರಿಯನೊಬ್ಬ ದುರುಗಮ್ಮನಿಗೆ ನಮಸ್ಕರಿಸಲು ಕ್ಯಾಮೆರಾಕ್ಕೆ ಸರಿಯಾಗಿ ಅಡ್ಡ ಬಾಗಿದ್ದ, ತಾನು "ಯಪ್ಪಾ, ಸರೀರಿ" ಎಂದು ಕೂಗಿದ್ದ.

ತೆರೆದು ದೊಡ್ಡದು ಮಾಡಿದ. ಬಾಗಿದ ಬೆನ್ನು, ಅದರ ಮೇಲೆ ಕರಿ ಕಂಬಳಿ.

"ಆ ಕಂಬಳಿ ಅಂಚು ನಾನ ಹೊಲಿದಿದ್ದು" ಎಂದಳು ಬೂದೆಮ್ಮ.

ಮುಂದಿನ ಚಿತ್ರದಲ್ಲಿ ಅವಳ ಗಂಡ ಬೂದೆಪ್ಪ ಕೂಗಿಗೆ ಬೆಚ್ಚಿ ಹಿಂದೆ ತಿರುಗಿದ್ದ. ಇಡೀ ಮುಖ, ಬಾಯಿ ಅರ್ಧ ತೆರೆದಿತ್ತು. ಅವನ ಹಿಂದೆಯೇ ಒಬ್ಬಾತ ಏಣಿ ಹತ್ತಿ ಇತ್ತ ಬೆನ್ನು ಹಾಕಿ ಮಾವಿನ ತೋರಣ ಕಟ್ಟುತ್ತಿದ್ದ.

ದುರುಗೇಶ ಅದನ್ನು ಮಾನ್ವಿಗೆ ಕಳಿಸಿದ. ಬೂದೆಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಳು. ಚಹಾ ಬಂತು, ಕೆನೆ ಕಟ್ಟಿತು, ಅವಳು ಮುಟ್ಟಲಿಲ್ಲ. ಕೊನೆಗೆ ಫೋನ್ ಗುಣುಗುಟ್ಟಿತು.

"ಯಕ್ಕಾ" ಎಂದ ನಿಂಗರಾಜ. "ಏಣಿ ಮ್ಯಾಲಿರಾವ ನಾನ. ಮಾವ ನನ್ನ ಬೆನ್ನ ಹಿಂದ ನಿಂತಾನ, ನಾ ಹೊಳ್ಳಿ ನೋಡಿಲ್ಲ."

ಬೂದೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹುಡುಗಿಗೆ ಅರಿಷಿಣ ಹಚ್ಚೂದು ಯಾವತ್ತು ಇಟ್ಟೀರಿ?" ಎಂದು ಕೇಳಿದ ತಮ್ಮ.